ದೇವಪ್ಪಜ್ಜನ ಎರಡೇಟು

ಕೆಂಪಿ ಎಂದ ಕೂಡಲೇ ಹಸು ಎಂದುಕೊಳ್ಳಬೇಡಿ. ಬಸರೀಕಟ್ಟೆಯ ಹರಿಹರನ ಮನೆಯಲ್ಲಿ ಕೆಂಪಿ ಎಂದರೆ ಕಾರು. ಹಳೆಯದೊಂದು ಕೆಂಪು ಡೀಸೆಲ್ ಕಾರಿಗೆ ದೊಡ್ಡ ಟರ್ಬೊ ಕೂರಿಸಿ, ಒಳಗಿನ ಕಂಪ್ಯೂಟರಿಗೆ ಹೊಸ ಬುದ್ಧಿ ಹೇಳಿಸಿ, ಹಿಂದಿನ ಸೀಟು ಕಿತ್ತು ಕಬ್ಬಿಣದ ಪಂಜರ ಹಾಕಿದ ಮೇಲೆ ಅದು ಹರಿಹರನ ಮಗಳು ನಿಶ್ಚಿತಾಳ ರೇಸಿನ ಕಾರಾಯಿತು. ಹೆಸರಿಟ್ಟವರು ಅವಳ ಅಜ್ಜಿ ಗಿರಿಯಮ್ಮ. ಹಿಂದೆ ಅವರ ಕೊಟ್ಟಿಗೆಯಲ್ಲಿ ಇದೇ ಬಣ್ಣದ, ಇದೇ ಹಟದ ಹಸುವೊಂದಿತ್ತಂತೆ.

ಹಟ ಅಂದರೆ ಸಾಮಾನ್ಯ ಹಟವಲ್ಲ. ಪ್ರತಿ ವರ್ಷ ಗದ್ದೆ ಕೊಯ್ಲು ಮುಗಿದ ಮೇಲೆ ಬಾಳೆಹೊನ್ನೂರಿನ ಹತ್ತಿರದ ಬಯಲಿನಲ್ಲಿ ಕೆಸರಿನ ರೇಸು ನಡೆಯುತ್ತದೆ. ಒಂದೊಂದೇ ಕಾರು ಹೊರಟು, ಗದ್ದೆಯ ಬದು ಹಾರಿ, ನೀರು ಬಿಟ್ಟು ಕಲಸಿದ ಕೆಸರು ದಾಟಿ, ಸುತ್ತು ಮುಗಿಸಿ ಬರಬೇಕು. ಹೆಂಗಸರಿಗೆ ಬೇರೆ ವಿಭಾಗ. ನಿಶ್ಚಿತಾ ಸತತ ಮೂರು ವರ್ಷ ಅದರಲ್ಲಿ ಹೊರಟಿದ್ದಳು. ಮೂರೂ ವರ್ಷ ಅರ್ಧದಾರಿಯಲ್ಲಿ ಕಾರಿನ ಹೊಟ್ಟೆಯೊಳಗೆ 'ಟಕ್' ಎಂದು ಸದ್ದಾಗಿ, ಗೇರ್ ಬೀಳದೆ, ಕೆಂಪಿ ಕಾಲು ಮಡಚಿ ಕೂತಿತ್ತು. ಮೈಕಿನಲ್ಲಿ ಕೂತ ಶಶಿಕಿರಣ್ ಎಂಬ ಬಾಯಿಬಡುಕ ಅವಳಿಗೆ 'ಅರ್ಧದಾರಿ ನಿಶ್ಚಿತಾ' ಎಂದು ಹೆಸರಿಟ್ಟು, ಆ ಹೆಸರು ಕೊಪ್ಪದ ಸೊಸೈಟಿಯಲ್ಲಿ ಅವಳು ಕೆಲಸ ಮಾಡುವ ಕೌಂಟರಿನವರೆಗೂ ಬಂದು ಮುಟ್ಟಿತ್ತು.

ಮೂರನೆಯ ಸಲ ಮೆಕ್ಯಾನಿಕ್ ಸಂತೋಷನ ಪಿಕಪ್ಪಿನ ಹಿಂದೆ ಹಳದಿ ನೈಲಾನ್ ಹಗ್ಗ ಕಟ್ಟಿಸಿಕೊಂಡು ಕೆಂಪಿ ಅಂಗಳಕ್ಕೆ ಬಂದ ದಿನ ಹರಿಹರ ಕಾಫಿ ಕಣದಲ್ಲಿ ಹಣ್ಣು ಹರಡುತ್ತಿದ್ದವನು ಕುಂಟೆ ಕೆಳಗಿಟ್ಟು ಬಂದ. ಅವನಿಗೆ ಸಿಟ್ಟು ಬರುವುದು ಅಪರೂಪ. ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ನಿಶ್ಚಿತಾ, ಕೇಳು. ಬರೋ ವರ್ಷ ಇದು ತನ್ನ ಕಾಲ ಮೇಲೆ ತಾನು ಮನೆಗೆ ಬರ್ಬೇಕು. ಮತ್ತೆ ಹಗ್ಗದಲ್ಲಿ ಬಂತು ಅಂತಾದ್ರೆ ಅವತ್ತೇ ಧರ್ಮೇಶಂಗೆ ಕೊಟ್ಟುಬಿಡಾದು. ಎರಡು ಮಾತಿಲ್ಲ."

ಧರ್ಮೇಶ್ ನರಸಿಂಹರಾಜಪುರದ ಕಡೆಯ ರಬ್ಬರ್ ತೋಟದವನು. ಕೆಂಪಿಯ ಮೇಲೆ ಅವನ ಕಣ್ಣು ಬಿದ್ದು ವರ್ಷವಾಗಿತ್ತು. ಅವನ ಕೈಗೆ ಕೆಂಪಿ ಹೋಗುವುದನ್ನು ನೆನೆಸಿಕೊಂಡರೆ ನಿಶ್ಚಿತಾಳಿಗೆ ಅನ್ನ ಇಳಿಯುತ್ತಿರಲಿಲ್ಲ. ಬಣ್ಣ ಬದಲಿಸುತ್ತಾನಂತೆ, ಕಪ್ಪು ಮಾಡಿಸುತ್ತಾನಂತೆ! ಗೆಲ್ಲುವ ಆಸೆ ಅವಳಿಗೆ ಆಗಲೇ ಹೋಗಿತ್ತು. ಕೆಂಪಿ ಮನೆಯಲ್ಲಿ ಉಳಿದರೆ ಸಾಕಿತ್ತು.

ಮುಂದಿನ ರೇಸಿಗೆ ಒಂದೆರಡು ತಿಂಗಳಿರುವಾಗ ಅವಳು ಕಾರನ್ನು ಕೊಪ್ಪದಲ್ಲಿ ಸಂತೋಷನ ಗ್ಯಾರೇಜಿಗೆ ಒಯ್ದಳು. ಸಂತೋಷ ಹಳೆಯ ಮುರುಕು ತುಂಡನ್ನು ಬೆಂಚಿನ ಮೇಲೆ ಇಟ್ಟ. ಅಂಗೈ ಗಾತ್ರದ ಕಬ್ಬಿಣದ ಬಳೆ, ನಡುವೆ ಹರಿದ ರಬ್ಬರು. ಎಂಜಿನ್ ಮೌಂಟು. ಗ್ಯಾರೇಜಿನವರ ಬಾಯಲ್ಲಿ ಫೌಂಡೇಶನ್.

"ಎಂಜಿನ್ನು ಚಕ್ರ ತಿರುಗ್ಸಕ್ಕೆ ಹೋಗ್ತದೆ ಅಲ್ಲನಾ, ಆಗ ಅದಕ್ಕೂ ತಾನೇ ತಿರುಗಿಬಿಡಾ ಚಪಲ. ಅದನ್ನ ಹಿಡ್ದು ಕೂರ್ಸಾದು ಇದು. ನಾವು ಎಂಜಿನ್ನಿನ ಜೋರು ಇಮ್ಮಡಿ ಮಾಡಿದ್ವಿ, ಹಿಡಿಯೋ ಕೈ ಮಾತ್ರ ಅದೇ ಹಳೇದು," ಎಂದ ಸಂತೋಷ.

"ಹಂಗಾರೆ ಗಟ್ಟಿ ಕೈ ಹಾಕು ಸಂತೋಷಣ್ಣ."

"ಹಾಕಾದೇ. ರಬ್ಬರೇ ಬ್ಯಾಡ. ಕಬ್ಬಿಣ ಹಾಕ್ತೀನಿ. ಅದು ಹೆಂಗೆ ಮುರೀತದೆ ನಾನೂ ನೋಡ್ತೀನಿ."

ಲೇತಿನಲ್ಲಿ ಕಬ್ಬಿಣದ ಬಿಲ್ಲೆ ಕಡೆಸಿ, ರಬ್ಬರಿನ ಜಾಗದಲ್ಲಿ ಕೂರಿಸಿ, ಸಂತೋಷ ಮೀಸೆಯ ಮೇಲೆ ಕೈಯಾಡಿಸಿಕೊಂಡ. ಕೆಂಪಿ ಸ್ಟಾರ್ಟ್ ಆಯಿತು. ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿ ನಡೆಯುತ್ತ ನಡೆಯುತ್ತ ಅಂಚಿಗೆ ಬಂದು ಕೆಳಗೆ ಬಿದ್ದ. ನಿಶ್ಚಿತಾ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು, ಸ್ವಲ್ಪ ನಡುಗುತ್ತದೆ ಅಷ್ಟೇ ಎಂದು ಸಮಾಧಾನ ಮಾಡಿಕೊಂಡಳು.

ಆ ಸ್ವಲ್ಪ ಎಷ್ಟು ಎಂದು ಗೊತ್ತಾದದ್ದು ಗಿರಿಯಮ್ಮನಿಗೆ. ಮರುದಿನ ಶೃಂಗೇರಿಗೆ ಹೋಗಬೇಕೆಂದು ಆಕೆ ಕೂತಿದ್ದರು. ಮನೆಯ ಇನ್ನೊಂದು ಗಾಡಿ ಗೊಬ್ಬರ ತರಲು ಹೋಗಿತ್ತು. ಮೊಮ್ಮಗಳ ಪಕ್ಕದಲ್ಲಿ ಕೂತು ಹೊರಟ ಗಿರಿಯಮ್ಮನ ಕನ್ನಡಕ ಮೊದಲು ಮೂಗಿನ ತುದಿಗೆ ಬಂತು, ಆಮೇಲೆ ಮಡಿಲಿಗೆ ಬಂತು. ಎಲೆಅಡಿಕೆ ಚೀಲದೊಳಗೆ ಸುಣ್ಣದ ಡಬ್ಬಿ ತಾಳ ಹಾಕತೊಡಗಿತು. ಹೆದರಿಕೆಗೆ ದೇವರ ನಾಮ ಹೇಳೋಣವೆಂದು ಬಾಯಿ ತೆರೆದರೆ "ಶಾ-ಆ-ಆ-ಆ-ರದೆ" ಎಂದು ಒಂದೊಂದು ಅಕ್ಷರವೂ ಅಲುಗಿಕೊಂಡೇ ಹೊರಬರುತ್ತಿತ್ತು. ನಿಶ್ಚಿತಾ ನಗು ತಡೆದು ತಡೆದು ಕಣ್ಣಲ್ಲಿ ನೀರು ತಂದುಕೊಂಡಳು.

ಶೃಂಗೇರಿಯಲ್ಲಿ ಇಳಿದ ಗಿರಿಯಮ್ಮ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತರು. ಮೈಯೊಳಗೆ ಎಂಜಿನ್ ಇನ್ನೂ ಓಡುತ್ತಿತ್ತೋ ಏನೋ. ಕೊನೆಗೆ ಹೇಳಿದರು: "ನಾನು ಬಸ್ಸಲ್ಲಿ ಬತ್ತೀನಿ. ನೀನು ಈ ಕಡ್ಲೆ ಹುರಿಯೋ ಬಾಣಲೆ ತಗಂಡು ಮುಂದೆ ಹೋಗು."

ಅಜ್ಜಿಯ ಸೊಂಟದ ಮಾತು ಬಿಡಿ. ಸಂತೋಷ ಕಾರಿನ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದಾಗ ಅವನ ಮೀಸೆಯೂ ಸಪ್ಪೆಯಾಯಿತು. ಫೌಂಡೇಶನ್ ಗಟ್ಟಿಯಾಗಿಯೇ ಇತ್ತು. ಆದರೆ ಅದನ್ನು ಬೋಲ್ಟ್ ಹಾಕಿ ಕೂರಿಸಿದ ಕಾರಿನ ಮೈಯಲ್ಲೇ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

"ಫೌಂಡೇಶನ್ ಉಳ್ಸಕ್ಕೆ ಹೋಗಿ ಬಾಡಿ ಕಳ್ಕಂತಿದ್ವಿ ಮಾರಾಯ್ತಿ," ಎಂದ ಅವನು ಕೆಳಗಿನಿಂದಲೇ. "ಎಂಜಿನ್ ಒದೆಯೋದನ್ನ ಯಾರಾದ್ರೂ ತಿನ್ನಲೇಬೇಕು. ರಬ್ಬರ್ ತಿನ್ನದಿದ್ರೆ ಬಾಡಿ ತಿಂತದೆ. ಅಷ್ಟಕ್ಕೂ ಅದು ಯಾವಾಗ ಒದೆಯೋದು ಅಂತ ನಾವು ನೋಡ್ಲೇ ಇಲ್ಲ."

ಎಲ್ಲರೂ ಬದುವನ್ನು ದೂರುತ್ತಿದ್ದರು. ಕಾರು ಬದು ಹಾರಿ ಧೊಪ್ಪನೆ ಬೀಳುವಾಗಲೇ ಫೌಂಡೇಶನ್ ಹರಿಯುವುದು ಎಂದು ಹರಿಹರನೂ, ಮೈಕಿನ ಶಶಿಕಿರಣನೂ, ಸ್ವತಃ ನಿಶ್ಚಿತಾಳೂ ನಂಬಿದ್ದರು. ಸಂತೋಷ ಬಿರುಕಿಗೆ ಬೆಸುಗೆ ಹಾಕಿ, ತಾತ್ಕಾಲಿಕವಾಗಿ ರಬ್ಬರನ್ನೇ ಕೂರಿಸಿ, ಒಂದು ಭಾನುವಾರ ಅವರ ಮನೆಗೇ ಬಂದ. ಬಾನೆಟ್ ಬಿಚ್ಚಿಟ್ಟು, ತನ್ನ ಫೋನನ್ನು ಎಂಜಿನ್ ಕಾಣುವ ಹಾಗೆ ಗಾಜಿನ ಬುಡಕ್ಕೆ ಕಟ್ಟಿದ. ನಿಶ್ಚಿತಾ ತೋಟದ ರಸ್ತೆಯಲ್ಲಿ ಹೊಂಡ ಹಾರಿಸಿ, ಮೋರಿ ಹಾರಿಸಿ, ಏರು ಹತ್ತಿಸಿ ವಾಪಸು ಬಂದಳು.

ಜಗಲಿಯಲ್ಲಿ ಕೂತು ವಿಡಿಯೋ ಹಾಕಿದರು. ನಿಶ್ಚಿತಾಳ ಅಜ್ಜ ದೇವಪ್ಪನೂ ಕನ್ನಡಕ ಏರಿಸಿ ಬಂದು ಕೂತರು. ಹೊಂಡ ಬಂತು, ಎಂಜಿನ್ ಸುಮ್ಮನಿತ್ತು. ಮೋರಿ ಹಾರಿತು, ಆಗಲೂ ಒಮ್ಮೆ ಮೈ ಅಲುಗಿಸಿ ಸುಮ್ಮನಾಯಿತು. ಏರಿನ ಬುಡದಲ್ಲಿ ಕಾರು ನಿಂತು ಹೊರಟಿತು ನೋಡಿ, ಎಂಜಿನ್ ಹಗ್ಗ ಹರಿಯಲು ಹೊರಟ ಹೋರಿಯ ಹಾಗೆ ಮೇಲೆದ್ದು ಬಿತ್ತು. ಬಿದ್ದದ್ದು ಮತ್ತೊಮ್ಮೆ ಎದ್ದಿತು. ಸಂತೋಷ ಹಿಂದಕ್ಕೆಳೆದು ಇನ್ನೊಮ್ಮೆ ಹಾಕಿದ. ಹೊರಟಾಗಲೆಲ್ಲ ಹಾಗೆಯೇ. ಎರಡು ಸಲ.

"ಇದೆಂತದು ಮಾಡಿದ್ದು ನೀನು?" ಎಂದ ಸಂತೋಷ.

"ಎಂತ ಮಾಡಿದ್ದು? ಗಾಡಿ ಹೊರಡ್ಸಿದ್ದು," ಎಂದಳು ನಿಶ್ಚಿತಾ. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ಹಿಂಗೆ ಯಾರು ಹೊರಡಿಸ್ತಾರೆ ಮಾರಾಯ್ತಿ?"

"ನಾವು ಹೊರಡಿಸ್ತೀವಿ," ಎಂದರು ದೇವಪ್ಪ.

ಅವರ ಮುಖದಲ್ಲಿ ಮೊದಲು ಹೆಮ್ಮೆಯೇ ಕಂಡಿತು. ಬಸರೀಕಟ್ಟೆಗೆ ಸರಿಯಾದ ರಸ್ತೆ ಇಲ್ಲದ ಕಾಲದಲ್ಲಿ ದೇವಪ್ಪನ ಜೀಪು ಎಂದರೆ ಊರಿಗೆಲ್ಲ ಒಂದೇ ದಾರಿ. ಬಾಣಂತಿಯರು, ಕಾಫಿ ಮೂಟೆ, ಮದುವೆ ದಿಬ್ಬಣ, ಎಲ್ಲವೂ ಅದರಲ್ಲೇ. ಜೀಪಿನ ಎಂಜಿನ್ನಿಗೆ ವಯಸ್ಸಾಗಿ ಏರಿನ ಕೆಸರಿನಲ್ಲಿ ಅದು ಉಸಿರು ಬಿಟ್ಟು ನಿಂತುಬಿಡುತ್ತಿತ್ತು. ಆಗ ದೇವಪ್ಪ ಆಕ್ಸಿಲರೇಟರ್ ಒತ್ತಿ, ಕ್ಲಚ್ಚನ್ನು ಫಟ್ಟನೆ ಬಿಡುತ್ತಿದ್ದರು. ಆ ಏಟಿಗೆ ಚಕ್ರ ಮೊಳದಷ್ಟು ಮುಂದೆ ಹೋಗಿ ಹಿಂದೆ ಉರುಳುತ್ತಿತ್ತು. ಉರುಳುವಾಗಲೇ ಇನ್ನೊಂದು ಏಟು. ಜೀಪು ಕೆಸರಿನಿಂದ ಕಿತ್ತುಕೊಂಡು ಏರು ಹತ್ತುತ್ತಿತ್ತು. ಮೊದಲ ಏಟಿಗೆ ಸೀಟು ಹಿಡಿದುಕೊಳ್ಳಬೇಕು, ಎರಡನೆಯದಕ್ಕೆ ದೇವರನ್ನು ಹಿಡಿದುಕೊಳ್ಳಬೇಕು ಎಂದು ಜನ ನಗುತ್ತಿದ್ದರು. ಅದಕ್ಕೆ ಊರಲ್ಲಿ 'ದೇವಪ್ಪನ ಎರಡೇಟು' ಎಂದೇ ಹೆಸರು. ನಿಶ್ಚಿತಾ ಕ್ಲಚ್ಚಿಗೆ ಕಾಲು ಎಟುಕುವಷ್ಟಾದ ದಿನವೇ ಅಜ್ಜನ ಜೀಪಿನಲ್ಲಿ ಇದನ್ನು ಕಲಿತದ್ದು. ನನ್ನ ಮೊಮ್ಮಗಳ ಎಡಗಾಲು ನಂದೇ ಎಂದು ದೇವಪ್ಪ ಅಂಗಡಿ ಕಟ್ಟೆಯಲ್ಲಿ ಹೇಳಿಕೊಳ್ಳದ ದಿನವಿರಲಿಲ್ಲ.

ಸಂತೋಷ ಮೆಲ್ಲಗೆ ಹೇಳಿದ: "ದೇವಪ್ಪಜ್ಜ, ನಿಮ್ ಜೀಪಿಗೆ ಅದು ಬೇಕಿತ್ತು. ಇದಕ್ಕೆ ಜೋರು ಮೊದ್ಲೇ ಜಾಸ್ತಿ. ಅದ್ರ ಮೇಲೆ ಎರಡೇಟು ಕೊಟ್ರೆ ಎಂತಾ ರಬ್ಬರ್ ಆದ್ರೂ ಹೊರಡುವಾಗ್ಲೇ ಅರ್ಧ ಹರೀತದೆ, ಉಳಿದರ್ಧ ದಾರೀಲಿ ಹರೀತದೆ."

ದೇವಪ್ಪ ಎದ್ದು ಹಿತ್ತಿಲ ಕಡೆ ಹೋದರು. ಕೆಂಪಿ ಉಳಿಯಬೇಕಾದರೆ ಅಜ್ಜ ಕೊಟ್ಟದ್ದನ್ನೇ ಬಿಡಬೇಕು. ನಿಶ್ಚಿತಾ ಹಿಂದೆಯೇ ಹೋಗಿ, "ಅಜ್ಜ, ಬ್ಯಾರೆ ಎಂತಾದ್ರೂ ಇರ್ಬೋದು. ಸಂತೋಷಣ್ಣಂಗೆ ಎಲ್ಲ ಗೊತ್ತಾ?" ಎಂದಳು.

"ಸುಮ್ನಿರು. ನನ್ನ ಕಣ್ಣು ಚೆನ್ನಾಗೇ ಅದೆ," ಎಂದಷ್ಟೇ ಹೇಳಿ ಅವರು ಕರಿಬೇವಿನ ಗಿಡದ ಒಣಗಿದ ಎಲೆ ಕೀಳುತ್ತ ನಿಂತರು.

ಮರುದಿನ ಬೆಳಿಗ್ಗೆ ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ದೇವಪ್ಪ ಕೆಂಪಿಯ ಎಡಗಡೆಯ ಸೀಟಿನಲ್ಲಿ ಕೂತಾಗಿತ್ತು. ಕೈಯಲ್ಲಿ ಅಡಿಕೆ ಹಾಳೆಯ ಬೀಸಣಿಗೆ.

"ಚಪ್ಪಲಿ ಬಿಚ್ಚಿ ಬಾ. ಕಲ್ಸಿದ್ದು ನಾನು, ಬಿಡ್ಸಾದೂ ನಾನೇ."

ಬರಿಗಾಲಿನಲ್ಲಿ ಕ್ಲಚ್ ಒತ್ತಿದರೆ ಅದು ಎಲ್ಲಿ ಹಿಡಿಯಲು ಶುರುಮಾಡುತ್ತದೆ ಎಂಬುದು ಅಂಗಾಲಿಗೇ ಗೊತ್ತಾಗುತ್ತದೆ. ಅಲ್ಲಿ ಒಂದು ಉಸಿರು ಕಾಲು ನಿಲ್ಲಿಸಿ, ಆಮೇಲೆ ಮೆತ್ತಗೆ ಬಿಡಬೇಕು. ಹೇಳಲು ಸುಲಭ. ನಿಶ್ಚಿತಾಳ ಕಾಲು ಕ್ಲಚ್ಚಿಗೆ ಎಟುಕಿದಂದಿನಿಂದ ಎರಡೇಟು ಹೊಡೆದ ಕಾಲು. ಅದು ಫಟ್ಟನೆ ಏಳುವುದು, ಅಜ್ಜನ ಹಾಳೆ ಪಟ್ಟನೆ ಅವಳ ಎಡಮೊಣಕಾಲಿಗೆ ಬೀಳುವುದು, ಜಗಲಿಯಿಂದ ಗಿರಿಯಮ್ಮ "ಹಾಕಿ ಇನ್ನೊಂದು, ನನ್ನ ಸೊಂಟದ ಲೆಕ್ಕಕ್ಕೆ" ಎನ್ನುವುದು, ಹೀಗೇ ದಿನಗಳು ಕಳೆದವು. ಸೊಸೈಟಿಗೆ ಹೋದರೂ ಕೌಂಟರಿನ ಕೆಳಗೆ ಅವಳ ಎಡಗಾಲು ಮೆತ್ತಗೆ ಏಳುವುದನ್ನು ಅಭ್ಯಾಸ ಮಾಡುತ್ತಿತ್ತು.

ಅಷ್ಟರಲ್ಲಿ ಸಂತೋಷ ತನ್ನ ಪಾಲಿನ ಕೆಲಸ ಮಾಡಿದ್ದ. ತೀರಾ ಮೆತ್ತಗೂ ಅಲ್ಲದ, ಕಬ್ಬಿಣದಷ್ಟು ಗಡುಸೂ ಅಲ್ಲದ ಹೊಸ ಫೌಂಡೇಶನ್ ತರಿಸಿ, ಒಂದನ್ನೇ ಬದಲಿಸದೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದ. ಎಂಜಿನ್ ತನ್ನ ಜಾಗದಲ್ಲಿ ಸರಿಯಾಗಿ ಕೂತ ಮೇಲೆಯೇ ಬೋಲ್ಟುಗಳನ್ನು ಬಿಗಿದ. ರಬ್ಬರಿನ ಮೇಲೆ ತೊಟ್ಟಿಕ್ಕಿ ಅದನ್ನು ಕೊಳೆಸುತ್ತಿದ್ದ ಆಯಿಲ್ ಸೋರಿಕೆ ನಿಲ್ಲಿಸಿದ. ಸಾಲದ್ದಕ್ಕೆ, ಲಾರಿಯಲ್ಲಿ ಲೋಡು ಬಿಗಿಯುವ ಬೆಲ್ಟಿನ ತುಂಡೊಂದನ್ನು ಎಂಜಿನ್ನಿಗೂ ಕಾರಿನ ಮೈಗೂ ನಡುವೆ ಬೆರಳಷ್ಟು ಸಡಿಲ ಬಿಟ್ಟು ಕಟ್ಟಿದ.

"ನನ್ನ ಕೈಲಾಗಾದು ಇಷ್ಟೇ. ಉಳಿದದ್ದು ನಿನ್ನ ಕಾಲಲ್ಲಿ ಅದೆ."

ರೇಸಿನ ಹಿಂದಿನ ದಿನ ದೇವಪ್ಪ ಒಂದು ಮಾತು ತೆಗೆದರು. "ಇಷ್ಟು ದಿನ ಪಾಠ ಹೇಳಿದ್ದಕ್ಕೆ ನಂಗೆ ಎಂತ ಕೊಡ್ತೀಯ? ಈ ಗಾಡೀನ ನಾನು ಒಂದ್ಸಲನೂ ಮುಟ್ಟಿಲ್ಲ. ನೀನು ಸುತ್ತು ಮುಗಿಸಿದ್ರೆ ಮನೆಗೆ ನಾನು ಓಡ್ಸ್ಕಂಡು ಬತ್ತೀನಿ." ನಿಶ್ಚಿತಾ ನಗುತ್ತ ಒಪ್ಪಿದಳು. ಒಪ್ಪದೆ ಇರಲು ಅವಳಿಗೆ ಯಾವ ಕಾರಣವೂ ಹೊಳೆಯಲಿಲ್ಲ.

ಬಾಳೆಹೊನ್ನೂರಿನ ಬಯಲಿನಲ್ಲಿ ಧೂಳು, ಗಿರ್ಮಿಟ್ಟಿನ ಗಾಡಿ, ಮರದ ಮೇಲೆ ಹತ್ತಿ ಕೂತ ಪಡ್ಡೆಗಳು. ಮೈಕಿನಲ್ಲಿ ಶಶಿಕಿರಣ್ ಕೂಗಿದ: "ಈಗ ಬರ್ತಿದ್ದಾರೆ ನಮ್ಮೆಲ್ಲರ ಪ್ರೀತಿಯ ಅರ್ಧದಾರಿ ನಿಶ್ಚಿತಾ! ಹಗ್ಗ ರೆಡಿ ಇದೆಯಾ ಸಂತೋಷಣ್ಣ?" ಜನ ನಕ್ಕರು. ಹಗ್ಗ ರೆಡಿ ಇತ್ತು ಎಂಬುದೇ ಬೇಸರದ ಸಂಗತಿ. ಸಂತೋಷ ಅದನ್ನು ಪಿಕಪ್ಪಿನ ಸೀಟಿನ ಕೆಳಗೆ ಅಡಗಿಸಿಟ್ಟಿದ್ದ.

ಬಾವುಟ ಬಿತ್ತು. ನಿಶ್ಚಿತಾ ತೆಳು ಅಟ್ಟೆಯ ಕ್ಯಾನ್ವಾಸ್ ಬೂಟಿನೊಳಗೆ ಕಾಲನ್ನು ಒಂದು ಉಸಿರು ನಿಲ್ಲಿಸಿ ಬಿಟ್ಟಳು. ಕೆಂಪಿ ಸದ್ದಿಲ್ಲದೆ ಹೊರಟಿತು. "ಏನಕ್ಕ, ಮದುವೆ ದಿಬ್ಬಣವಾ?" ಎಂದ ಮೈಕು. ಅವಳಿಗೆ ಸಿಟ್ಟು ಬಂತು, ಆದರೆ ಕಾಲಿಗೆ ಬರಲಿಲ್ಲ. ಬದು ಹಾರಿತು. ಮೊದಲ ತಿರುವು, ಎರಡನೆಯದು. ಕಾರಿನ ಹೊಟ್ಟೆಯೊಳಗೆ ಎಲ್ಲವೂ ಇದ್ದಲ್ಲೇ ಇತ್ತು. ಹೋದ ವರ್ಷ ನಿಂತ ಜಾಗ ದಾಟಿದಾಗ ಅವಳು ಹೆಲ್ಮೆಟ್ಟಿನೊಳಗೆ ಕೂಗಿಯೇಬಿಟ್ಟಳು.

ಕೂಗಿದ್ದೇ ತಪ್ಪಾಯಿತೇನೋ. ಕೊನೆಯ ಕೆಸರಿನಲ್ಲಿ ಚಕ್ರ ದಾರಿ ಬಿಟ್ಟು ಹೊಂಡಕ್ಕಿಳಿದು ಕೆಂಪಿ ನಿಂತಿತು. ಗುರಿಯ ಬಾವುಟ ಕಣ್ಣೆದುರಿಗೇ ಕಾಣುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಕೆಸರು ಗಾಜಿಗೆ ಹಾರಿತೇ ಹೊರತು ಕಾರು ಮಿಸುಕಲಿಲ್ಲ. ಅವಳ ಎಡಗಾಲು ತಾನಾಗಿ ಬಿಗಿಯಿತು. ಎರಡೇ ಏಟು, ಆಚೆ ಬಂದುಬಿಡುತ್ತೇನೆ ಎಂದು ಮೈಯ ನರನರವೂ ಹೇಳಿತು. ಜನರೂ ಅದನ್ನೇ ಹೇಳುತ್ತಿದ್ದರು: "ಎತ್ತಿ ಹೊಡಿ! ಹೊಡಿ!"

ಅವಳು ತಲೆ ಎತ್ತಿದಳು. ಹಗ್ಗ ಕಟ್ಟಿದ ಬೇಲಿಯಾಚೆ ಅಜ್ಜ ನಿಂತಿದ್ದರು. ನಿಂತ ರೀತಿ ಮಾತ್ರ ವಿಚಿತ್ರವಾಗಿತ್ತು. ಎಡಗಾಲನ್ನು ನೆಲದಿಂದ ಎತ್ತಿ, ಮೊಣಕಾಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಅಪ್ಪಿಕೊಂಡು, ಕೊಕ್ಕರೆಯ ಹಾಗೆ ಒಂಟಿಕಾಲಿನಲ್ಲಿ. ಎಲ್ಲಿ ತಮ್ಮ ಕಾಲು ಅಲ್ಲಿಂದಲೇ ಒದ್ದುಬಿಡುತ್ತದೋ ಎಂಬ ಹೆದರಿಕೆ ಅವರಿಗೆ.

ನಿಶ್ಚಿತಾಳಿಗೆ ನಗು ಉಕ್ಕಿತು. ನಗುವಿಗೆ ಕಾಲಿನ ಬಿಗಿ ಇಳಿಯಿತು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ಅತ್ತಿತ್ತ ಆಡಿಸಿ, ಕ್ಲಚ್ ಹಿಡಿಯುವ ಜಾಗ ಅಂಗಾಲಿಗೆ ಸಿಗುವ ತನಕ ಕಾದಳು. ಸಿಕ್ಕಿತು. ಕೆಂಪಿ ಮೂಗೆತ್ತಿ, ಆಮೆಯ ವೇಗದಲ್ಲಿ, ಕೆಸರಿನಿಂದ ಮೇಲೆ ಬಂತು. ಬಾವುಟ ದಾಟಿದಾಗ ಮೈಕಿನಲ್ಲಿ ಶಶಿಕಿರಣ್ ಎಲ್ಲರಿಗಿಂತ ಜೋರಾಗಿ ಕೂಗಿದ: "ಪೂರ್ತಿದಾರಿ ನಿಶ್ಚಿತಾ!" ಅವಳ ವಿಭಾಗದಲ್ಲಿ ಅವಳು ಕೊನೆಯವಳು. ಆ ದಿನ ಅಲ್ಲಿ ಅವಳಷ್ಟು ಕುಣಿದವರು ಮಾತ್ರ ಯಾರೂ ಇರಲಿಲ್ಲ.

"ಕೀ ಕೊಡು," ಎಂದರು ದೇವಪ್ಪ.

ಕೊಟ್ಟ ಮಾತು. ಅವಳು ಎಡಗಡೆ ಕೂತಳು. ದೇವಪ್ಪ ಸೀಟು ಮುಂದೆಳೆದು, ಕನ್ನಡಿ ಸರಿಮಾಡಿ, ಗಣಪತಿಗೆ ಕೈಮುಗಿದರು. ಕೆಂಪಿ ಚೆನ್ನಾಗಿಯೇ ಹೊರಟಿತು. ಗದ್ದೆಯಿಂದ ಡಾಂಬರು ರಸ್ತೆಗೆ ಹತ್ತುವ ಕಡೆ ಸಣ್ಣದೊಂದು ಏರು. ಏರಿನ ಬುಡದಲ್ಲಿ ಒಂದಿಷ್ಟು ಕೆಸರು. ದೇವಪ್ಪನ ಬೆನ್ನು ನೆಟ್ಟಗಾಯಿತು.

"ಅಜ್ಜ—" ಎಂದಳು ನಿಶ್ಚಿತಾ. ಹಾಳೆಯ ಬೀಸಣಿಗೆ ಮನೆಯಲ್ಲಿತ್ತು.

ಒಂದು ಏಟು. ಎರಡನೆಯ ಏಟು. ಟಕ್.

ಸಂತೋಷ ಬಂದು ಬಗ್ಗಿ ನೋಡಿದ. ಬೆಲ್ಟು ಹಿಡಿದದ್ದರಿಂದ ಎಂಜಿನ್ ರೇಡಿಯೇಟರಿಗೆ ತಾಗಿರಲಿಲ್ಲ. ಹೊಸ ಫೌಂಡೇಶನ್ ಮಾತ್ರ ಹರಿದು ಎರಡಾಗಿತ್ತು. ಅವನು ಹೋಗಿ ಪಿಕಪ್ಪಿನ ಸೀಟಿನ ಕೆಳಗಿನಿಂದ ಹಳದಿ ಹಗ್ಗ ಎಳೆದ.

ಪಿಕಪ್ಪಿನ ಹಿಂದೆ ಕೆಂಪಿ ಎಳೆಸಿಕೊಂಡು ಹೊರಟಿತು. ಸ್ಟೀರಿಂಗ್ ಹಿಡಿದ ದೇವಪ್ಪ ರಸ್ತೆ ನೋಡುತ್ತಲೇ ಹೇಳಿದರು: "ನಂಗೆ ಈ ಗೇಣುದ್ದದ ಏರಲ್ಲಿ ತಡ್ಕಳಕ್ಕಾಗ್ಲಿಲ್ಲ. ನೀನು ಇಡೀ ಗದ್ದೆ ತಡ್ಕಂಡ್ಯಲ್ಲೇ." ಮನೆ ಹತ್ತಿರವಾದಂತೆ ನಿಶ್ಚಿತಾಳಿಗೆ ಅಪ್ಪನ ಮಾತು ನೆನಪಾಯಿತು. ಹಗ್ಗದಲ್ಲಿ ಬಂದರೆ ಅವತ್ತೇ.

ಅಂಗಳದಲ್ಲಿ ಹರಿಹರನ ಜೊತೆ ಧರ್ಮೇಶ್ ಆಗಲೇ ಬಂದು ಕೂತು ಕಾಫಿ ಕುಡಿಯುತ್ತಿದ್ದ. ಹಳದಿ ಹಗ್ಗ ಕಂಡದ್ದೇ ಅವನ ಮುಖ ಅರಳಿತು. ಹರಿಹರ ಎದ್ದು ಬಂದ. ದನಿ ಇಳಿದಿತ್ತು.

"ಮತ್ತೆ ಹಗ್ಗನಾ?"

ಬಲಗಡೆಯ ಬಾಗಿಲು ತೆರೆಯಿತು. ಅಲ್ಲಿಂದ ಇಳಿದದ್ದು ಅವನ ಅಪ್ಪ.

"ಸುತ್ತು ಪೂರ್ತಿ ಮಾಡಿದ್ದು ಅವಳು. ಮುರಿದದ್ದು ನಾನು," ಎಂದರು ದೇವಪ್ಪ. "ಎರಡೇಟು ಹೊಡ್ದೆ ಮಾರಾಯ."

ಜಗಲಿಯಲ್ಲಿ ಗಿರಿಯಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು. ಹರಿಹರ ಅಪ್ಪನನ್ನು ನೋಡಿದ, ಮಗಳನ್ನು ನೋಡಿದ, ಹಗ್ಗ ನೋಡಿದ. ಅವನೂ ಆ ಜೀಪಿನ ಹಿಂದಿನ ಸೀಟಿನಲ್ಲಿ ತಲೆ ಕುಟ್ಟಿಸಿಕೊಂಡೇ ಬೆಳೆದವನು. ಎಷ್ಟು ಬಿಗಿಹಿಡಿದರೂ ಅವನ ತುಟಿ ನಿಲ್ಲಲಿಲ್ಲ. ಕೊನೆಗೆ ಧರ್ಮೇಶನ ಕಡೆ ತಿರುಗಿದ.

"ಕಾರು ಕೊಡಾದಿಲ್ಲ ಮಾರಾಯ. ಬೇಕಾರೆ ಡ್ರೈವರನ್ನ ಕರ್ಕಂಡು ಹೋಗು."